ಗೋಂದಜ್ಜನ ಆರು ಕಿಟಕಿ

ಆರನೆಯ ಕಿಟಕಿಯ ಚಿಲಕ ಸುಲಭಕ್ಕೆ ಜಗ್ಗಲಿಲ್ಲ. ಗೋಂದಜ್ಜ ಮಂಚದ ಕೆಳಗಿನ ಪೆಟ್ಟಿಗೆಯಿಂದ ಸುತ್ತಿಗೆ ತಂದು, ಅದರ ಹಿಡಿಯಿಂದ ಎರಡು ಸಲ ಮೆತ್ತಗೆ ಕುಟ್ಟಿದ ಮೇಲೆ ಕಿರ್ರೆಂದು ಬಿಟ್ಟುಕೊಂಡಿತು. ಹೊರಗೆ ಬೆಳಕಿನ್ನೂ ಪೂರ್ತಿ ಹರಿದಿರಲಿಲ್ಲ. ತಣ್ಣನೆಯ ಗಾಳಿ ಮೊಮ್ಮಗಳ ಖಾಲಿ ಹಾಸಿಗೆಯ ಮೇಲೆ ಹಾದು ಅಡುಗೆಮನೆಯ ಕಿಟಕಿಯಿಂದ ಆಚೆ ಹೋಯಿತು. ಅಜ್ಜ ಫ್ಯಾನನ್ನು ಕೊನೆಯವರೆಗೆ ತಿರುಗಿಸಿದ. ಬಕೆಟಿನಲ್ಲಿ ನೀರು ತಂದು, ಮೊಣಕಾಲೂರಿ, ಮೂಲೆ ಮೂಲೆಗೂ ಕೈಹಾಕಿ ನೆಲ ಒರೆಸಿದ. ಕಪಾಟಿನ ಬಾಗಿಲುಗಳನ್ನು ತೆಗೆದು ಒಳಗೂ ಒದ್ದೆ ಬಟ್ಟೆ ಆಡಿಸಿದ. ಎಂಟೂವರೆಗೆ ಎಲ್ಲ ಮುಗಿಯಬೇಕು. ಆರೂ ಕಿಟಕಿ ಮುಚ್ಚಿ, ಪರದೆ ಎಳೆದು, ತಲೆ ಬಾಚಿಕೊಂಡು ಕೂತುಬಿಟ್ಟರೆ ಒಂಬತ್ತಕ್ಕೆ ಬರುವವರು ಬರಲಿ.

ಗಾಳಿ ಅಳೆಯುವವರು ಬರುತ್ತಾರೆಂದು ಮಗಳು ಹಿಂದಿನ ಸಂಜೆ ಹೇಳಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅವಳ ಕೆಲಸ. ಬೆಳಗಿನ ಪಾಳಿ ಆರಕ್ಕೇ ಶುರು. ಅವತ್ತೊಂದು ರಾತ್ರಿ ಮಗುವಿನ ಜೊತೆ ಆಚೆ ಬೀದಿಯ ಇಸ್ತ್ರಿ ಅಕ್ಕನ ಹಳೆಯ ಮನೆಯಲ್ಲಿ ಮಲಗುವುದೆಂದು ಹೊರಟವಳು, ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡೇ ಹೇಳಿದ್ದಳು.

"ಅಪ್ಪ, ಕಿಟಕಿ ಬಾಗಿಲು ಎಲ್ಲಾ ಮುಚ್ಚಿರಬೇಕಂತೆ. ನೆನಪಿರಲಿ. ನಾನು ಅಲ್ಲಿಂದಾನೇ ಕೆಲಸಕ್ಕೆ ಹೋಗ್ತೀನಿ."

"ನನಗೇನು ಹೊಸದೇನೇ ಇದು? ಮೂವತ್ತು ವರ್ಷ ಇನ್ಸ್‌ಪೆಕ್ಷನ್ ನೋಡಿದೋನು ನಾನು."

"ಅದಕ್ಕೇ ನನಗೆ ಭಯ," ಎಂದು ನಕ್ಕು ಹೋಗಿದ್ದಳು.

ಹೊಳೆ ಏರಿ ಹಳೆಯ ಬೀದಿಯನ್ನು ನುಂಗಿದ ಮೇಲೆ ಕೊಟ್ಟ ಮನೆ ಅದು. ಕಾರ್ಖಾನೆಯಲ್ಲಿ ಎರಡು ತುಂಡಾಗಿ ತಯಾರಾಗಿ, ಎರಡು ಲಾರಿಯ ಮೇಲೆ ಬಂದು, ಕ್ರೇನಿನಿಂದ ಇಳಿದು, ಮಧ್ಯಾಹ್ನದೊಳಗೆ ಒಂದಾಗಿ ನಿಂತ ಮನೆ. ಅಂಥವು ನಲವತ್ತು, ನಲವತ್ತಕ್ಕೂ ಒಂದೇ ಬಣ್ಣ. ಮೊದಲ ವಾರ ಪಕ್ಕದ ಟೈಲರಮ್ಮನ ಗಂಡ ಅಜ್ಜನ ಮನೆಗೆ ಬಂದು, ಶರ್ಟು ಬಿಚ್ಚಿ ಹಾಕಿ, ಟೀ ಕೇಳಿ, ಕೊಟ್ಟ ಟೀ ಕುಡಿದು, ಆಮೇಲೆ ಮುಖ ನೋಡಿ ಗಾಬರಿಯಾಗಿದ್ದ. ಗೋಡೆ, ನೆಲ, ಕಪಾಟು, ಬಾಗಿಲು ಎಲ್ಲವೂ ಬೋರ್ಡು. ಮರದ ಪುಡಿಗೆ ಗೋಂದು ಕಲಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಮಾಡಿದ್ದು.

ಆ ಗೋಂದಿನ ಮನುಷ್ಯನೇ ಅಜ್ಜ. ಬೋರ್ಡು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗೋಂದು ಬೇಯಿಸಿದವನು. ಬಿಟ್ಟು ನಾಲ್ಕು ವರ್ಷವಾಗಿತ್ತು. ಗೋಂದಿಗೆ ಬೆರೆಸಲು ಡ್ರಮ್ಮಿನಲ್ಲಿ ಬರುತ್ತಿದ್ದ, ಕಣ್ಣು ಮೂಗು ಉರಿಸುವ ಫಾರ್ಮಲಿನ್ನಿಗೆ ಅಲ್ಲಿನವರೆಲ್ಲ 'ಖಾರ' ಅನ್ನುತ್ತಿದ್ದರು. ಖಾರ ಎಷ್ಟು, ಪುಡಿ ಎಷ್ಟು, ಗೋಂದು ಹದಕ್ಕೆ ಬಂದಿದೆಯೋ ಇಲ್ಲವೋ ಅನ್ನುವುದನ್ನು ಮೀಟರು ಬರುವ ಮೊದಲು ಅವನ ಮೂಗೇ ಹೇಳಬೇಕಿತ್ತು. ಸೂಪರ್‌ವೈಸರ್ ಕೂಡ, "ಗೋಂದಣ್ಣ ಮೂಸಿದ್ರೆ ಸಾಕು" ಅನ್ನುತ್ತಿದ್ದ. ಹಾಗೆ ಮೂಸುತ್ತ ಮೂಸುತ್ತ ಮೂಗು ಯಾವಾಗ ಸತ್ತಿತೋ ಅವನಿಗೇ ತಿಳಿಯಲಿಲ್ಲ. ಒಂದು ದಿನ ಮನೆಯಲ್ಲಿ ಹಾಲು ಸೀದು ಹೊಗೆಯಾಡುತ್ತಿದ್ದಾಗ ಅದರ ಪಕ್ಕದಲ್ಲೇ ಕೂತು ಪೇಪರಿನ ಚಿತ್ರ ನೋಡುತ್ತಿದ್ದ. ಅವತ್ತು ಗೊತ್ತಾಯಿತು.

ಹೊಸ ಮನೆಗೆ ಬಂದ ವಾರ, ಮಗುವಿನ ಕಪಾಟಿನ ಅಡಿಯಲ್ಲಿ ತನ್ನ ಕಾರ್ಖಾನೆಯ ದುಂಡು ಮುದ್ರೆ ಕಂಡು ಅಜ್ಜ ಹಿಗ್ಗಿಹೋಗಿದ್ದ. ಮಗಳನ್ನು ಕರೆದು, ನೆಲಕ್ಕೆ ಮಲಗಿಸಿ, ತೋರಿಸಿದ್ದ. "ನಮ್ಮದು ಕಣೇ ಇದು! ಕಲ್ಲು ಇದ್ದ ಹಾಗೆ!" ಮಗಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಕಲ್ಲೋ ಏನೋ, ಕಣ್ಣು ಉರಿಯುತ್ತಪ್ಪ" ಅಂದಿದ್ದಳು. ಹೊಸ ಮನೆ ವಾಸನೆ, ಮೂರು ತಿಂಗಳಲ್ಲಿ ಹೋಗುತ್ತೆ ಎಂದು ಅವನು ಹೇಳಿದ್ದ. ಬಂದವರಿಗೆಲ್ಲ ಹಾಗೇ ಹೇಳಿದ. ಗೋಂದಿನ ವಿಷಯದಲ್ಲಿ ಅವನ ಮಾತು ಎಂದರೆ ಸಾಲಿನವರಿಗೆಲ್ಲ ನಂಬಿಕೆ.

ಮೂರು ತಿಂಗಳಿಗೆ ವಾಸನೆ ಹೋಗಲಿಲ್ಲ. ಮೊಮ್ಮಗಳ ಉಸಿರು ಹೋಗತೊಡಗಿತು. ಆರು ವರ್ಷದ ಮಗು, ಗುಂಡಗೆ ಇದ್ದುದಕ್ಕೆ ಬಟಾಣಿ ಎಂದು ಕರೆಯುತ್ತಿದ್ದರು. ಈಗ ಕತ್ತಿನ ಕೆಳಗೆ ಎರಡು ಗುಳಿ ಬಿದ್ದಿದ್ದವು. ಉಸಿರು ಎಳೆದಾಗಲೆಲ್ಲ ಆ ಗುಳಿ ಒಳಕ್ಕೆ ಹೋಗುತ್ತಿತ್ತು. "ಅಜ್ಜ, ನನ್ನ ಎದೆ ಒಳಗೆ ಯಾರೋ ಸೀಟಿ ಊದ್ತಾರೆ, ಕೇಳು," ಎಂದು ಅವನ ಕಿವಿಯನ್ನು ಎದೆಗೆ ಎಳೆದುಕೊಳ್ಳುತ್ತಿತ್ತು. ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದಾಯಿತು. ಅಲ್ಲಿ ನಾಲ್ಕು ದಿನದಲ್ಲಿ ಗುಣವಾಗುವ ಮಗು, ಮನೆಗೆ ಬಂದು ಎರಡು ದಿನಕ್ಕೆ ಮತ್ತೆ ಅದೇ. ಡಾಕ್ಟರು, "ಮನೆ ಹೊಸದಾ?" ಎಂದು ಕೇಳಿ ಒಂದು ಪತ್ರ ಬರೆದುಕೊಟ್ಟರು. ಆ ಪತ್ರದ ಬಲದ ಮೇಲೆ ನಲವತ್ತು ಮನೆಗಳ ಪರವಾಗಿ ಈ ಒಂದು ಮನೆಯ ಗಾಳಿ ಅಳೆಯುವುದೆಂದಾಯಿತು. ಗಾಳಿಯಲ್ಲಿ ಖಾರ ಮಿತಿ ದಾಟಿದ್ದರೆ ನಲವತ್ತನ್ನೂ ಬದಲಿಸುತ್ತಾರೆ. ದಾಟದಿದ್ದರೆ ಫೈಲು ಮುಚ್ಚುತ್ತಾರೆ. ಇದು ಸಾಲಿನ ಎಲ್ಲರಿಗೂ ಗೊತ್ತಿತ್ತು.

ಏಳು ಗಂಟೆಗೆ ಟೈಲರಮ್ಮ ಬಾಗಿಲಲ್ಲಿ ತಲೆ ಹಾಕಿದಳು. "ಏನಜ್ಜಾ ಇದು, ಹೀಗೆ ತಿಕ್ಕಿದ್ರೆ ಮನೆ ಅರ್ಧ ಇಂಚು ಸವೆದು ಹೋಗುತ್ತೆ. ಬರ್ತಿರೋದು ಆಫೀಸರೋ, ಮಂತ್ರಿನೋ?"

"ಯಾರಾದ್ರೇನು, ಮರ್ಯಾದೆ ಬೇಡ್ವಾ?"

ಅವಳು ಒಳಗೆ ಬಂದು, ಸುತ್ತ ನೋಡಿ, ಜೋರಾಗಿ ಉಸಿರೆಳೆದಳು. "ಅಯ್ಯೋ, ಇವತ್ತು ನಿಮ್ಮನೇಲಿ ಕಣ್ಣು ಉರೀತಾನೇ ಇಲ್ಲ ನೋಡಿ!"

"ಮತ್ತೆ?" ಎಂದ ಅಜ್ಜ, ಹಿಂಡುತ್ತಿದ್ದ ಬಟ್ಟೆಯನ್ನು ಕೊಡವಿ. ಒಳಗೊಳಗೇ ಖುಷಿಯಾಯಿತು.

ಒಂಬತ್ತಕ್ಕೆ ಸರಿಯಾಗಿ ಗಾಳಿ ಅಳೆಯುವವಳು ಬಂದಳು. ಸಣ್ಣ ವಯಸ್ಸಿನ ಹೆಂಗಸು. ಕೈಯಲ್ಲಿ ಸ್ಟೀಲಿನ ಪೆಟ್ಟಿಗೆ, ಕಾಲ ತುಂಬ ಧೂಳು. ನೀರು ಕೊಟ್ಟರೆ ಗಟಗಟ ಕುಡಿದಳು. ಮುಚ್ಚಿದ ಕಿಟಕಿಗಳನ್ನು ಒಂದೊಂದಾಗಿ ನೋಡಿಕೊಂಡು ಬಂದು, ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ನಿನ್ನೆ ರಾತ್ರಿಯಿಂದ ಮುಚ್ಚೇ ಇದೆ ಅಲ್ವಾ ಅಜ್ಜ? ಹನ್ನೆರಡು ಗಂಟೆ ಮುಚ್ಚಿದ್ರೆ ಮಾತ್ರ ಒಳಗಿನ ಗಾಳಿ ನಿಜ ಹೇಳೋದು."

ಅಜ್ಜನ ಬಾಯಿ ಅಜ್ಜನನ್ನು ಕೇಳಲಿಲ್ಲ. "ಮುಚ್ಚೇ ಇದೆ ಮೇಡಂ," ಅಂದುಬಿಟ್ಟಿತು.

ಅಂದ ಮೇಲೆ ಅವನಿಗೆ ತನ್ನ ಎರಡು ಕೈಗಳೂ ಹೊಟ್ಟೆಯ ಮುಂದೆ ಜೋಡಿಕೊಂಡಿರುವುದು ಕಂಡಿತು. ತಲೆ ಒಂದಿಷ್ಟು ಬಗ್ಗಿತ್ತು. ಕಾರ್ಖಾನೆಯಲ್ಲಿ ನಿಲ್ಲುತ್ತಿದ್ದುದು ಹೀಗೆಯೇ. ಇನ್ಸ್‌ಪೆಕ್ಟರ್ ಬರುವ ದಿನ ಗೋಂದಿನ ಕಡೆಯವನು ಐದಕ್ಕೇ ಬರಬೇಕು. ಷಟರುಗಳನ್ನೆಲ್ಲ ಎತ್ತಬೇಕು, ದೊಡ್ಡ ಫ್ಯಾನುಗಳನ್ನು ಬಿಡಬೇಕು, ನೆಲಕ್ಕೆ ನೀರು ಹೊಡೆಯಬೇಕು, ಎಂಟೂವರೆಗೆ ಷಟರು ಇಳಿಸಿ ಏನೂ ಆಗದವನಂತೆ ನಿಲ್ಲಬೇಕು. ಹಾಗೆ ಮಾಡಿದರೆ ಸಂಜೆಯವರೆಗೂ ಅಳೆಯುವ ಸೂಜಿ ಗೆರೆ ಮುಟ್ಟುತ್ತಿರಲಿಲ್ಲ. "ದಿನಾ ಹೀಗೇ ಇರುತ್ತಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರೆ, ಹೌದು ಸಾರ್ ಅನ್ನುವುದೂ ಅವನದೇ ಕೆಲಸ. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಇವತ್ತು ಬೆಳಿಗ್ಗೆ ಎದ್ದು, ಯಾರೂ ಹೇಳದೆ, ಯಾವ ಸೂಪರ್‌ವೈಸರ್ ನಿಂತು ನೋಡದೆ, ಅದನ್ನೇ ಮಾಡಿದ್ದ.

ಅವಳು ಆಗಲೇ ಮಗುವಿನ ಮಂಚದ ಮೇಲೆ, ತಲೆದಿಂಬಿಗೆ ಒಂದು ಮೊಳ ಎತ್ತರದಲ್ಲಿ, ದಾರಕ್ಕೆ ಗಾಳಿಯ ಖಾರ ಹೀರಿಕೊಳ್ಳುವ, ಬೆರಳಿನಷ್ಟು ದಪ್ಪದ ಗಾಜಿನ ಟ್ಯೂಬು ತೂಗುಹಾಕಿ ಅದರ ಮುಚ್ಚಳ ತೆಗೆಯುತ್ತಿದ್ದಳು. "ಐದು ಗಂಟೆಗೆ ಬಂದು ತಗೊಂಡು ಹೋಗ್ತೀನಿ. ಅಲ್ಲೀವರೆಗೆ ಏನೂ ತೆರೀಬೇಡಿ. ನೀವು ಬೇಕಾದ್ರೆ ಹೊರಗೆ ಕೂತ್ಕೊಳ್ಳಿ, ಒಳಗೆ ಕಷ್ಟ."

ಹೇಳಬೇಕೆಂದು ಅಜ್ಜ ಬಾಗಿಲವರೆಗೂ ಹಿಂದೆಯೇ ಹೋದ. ಅವಳ ಸ್ಕೂಟರು ಒಂದೇ ಒದೆತಕ್ಕೆ ಶುರುವಾಯಿತು.

ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಕೂತ. ಬಿಸಿಲು ಏರಿತು. ಎದುರು ಸಾಲಿನ ತಗಡಿನ ಮಾಡುಗಳು ಬಿಸಿಗೆ ಟಕಟಕ ಸದ್ದು ಮಾಡುತ್ತಿದ್ದವು. ಅವನಿಗೆ ಪ್ರೆಸ್ಸಿನ ಗೆಳೆಯ ನೆನಪಾದ. ಗೋಂದು ಬೇಯಿಸುವವನಿಗಿಂತ ಪ್ರೆಸ್ಸು ತೆರೆಯುವವನಿಗೆ ಖಾರ ಹೆಚ್ಚು. ಬಿಸಿ ಬೋರ್ಡು ಬಾಯಿ ಬಿಟ್ಟಾಗ ಆವಿ ನೇರ ಮುಖಕ್ಕೇ ಹೊಡೆಯುತ್ತಿತ್ತು. ಮೊದಲು ಒಂಬತ್ತು ನಿಮಿಷ ಒತ್ತುತ್ತಿದ್ದುದನ್ನು ಆರಕ್ಕೆ ಇಳಿಸಿದ ಮೇಲಂತೂ ಬೋರ್ಡು ಅರ್ಧ ಹಸಿಯಾಗಿಯೇ ಹೊರಗೆ ಬರುತ್ತಿತ್ತು. ಬೇಗ ಗಟ್ಟಿಯಾಗಲೆಂದು ಖಾರ ಹೆಚ್ಚಿಸಲು ಹೇಳಿದರು, ಅಜ್ಜ ಹೆಚ್ಚಿಸಿದ. ಇನ್ಸ್‌ಪೆಕ್ಟರ್ ಬರುವ ದಿನ ಆ ಗೆಳೆಯ ಎದೆ ಉಬ್ಬಿಸಿ ಗಾಳಿ ಎಳೆದುಕೊಂಡು, "ಗೋಂದಣ್ಣ, ಆ ಮಹಾರಾಯನಿಗೆ ದಿನಾ ಬರೋಕೆ ಹೇಳೋ! ಬೇಕಾದ್ರೆ ಮಧ್ಯಾಹ್ನದ ಊಟ ನಾನೇ ಹಾಕ್ತೀನಿ," ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಕೆಲಸ ಬಿಟ್ಟ ಎರಡನೆಯ ವರ್ಷಕ್ಕೆ ಅವನ ಮೂಗಿನೊಳಗೆ ಗಂಟು ಬೆಳೆಯಿತು. ನೋಡಲು ಹೋದಾಗ ಎರಡೂ ಹೊಳ್ಳೆಗೆ ಹತ್ತಿ ತುರುಕಿದ್ದರು. ಬಾಯಲ್ಲಿ ಉಸಿರಾಡುತ್ತ ಮಲಗಿದ್ದ. ಖಾರದಿಂದಲೇ ಎಂದು ಯಾರೂ ಹೇಳಲಿಲ್ಲ. ಹೇಳಲು ಕಾಗದದಲ್ಲಿ ಏನಿತ್ತು? ಮೂವತ್ತು ವರ್ಷವೂ ಮಿತಿಯೊಳಗೇ ಇತ್ತು.

ಎರಡೂವರೆಗೆ ಮಗಳು ಪಾಳಿ ಮುಗಿಸಿ ಬಂದಳು. ಮಗು ಇಸ್ತ್ರಿ ಅಕ್ಕನ ಮನೆಯಲ್ಲೇ ಇತ್ತು. "ಬಂದಿದ್ರಾ? ಹಾಕಿದ್ರಾ? ಏನಂದ್ರು?" ಎಂದು ಒಂದರ ಮೇಲೊಂದು ಕೇಳಿದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಬಗೆಯ ಬಣ್ಣವಿತ್ತು.

ಅಜ್ಜ ಹೇಳಿದ. ಸುತ್ತಿ ಬಳಸದೆ ಹೇಳಿದ.

ಅವಳು ತಕ್ಷಣ ಕೂಗಾಡಲಿಲ್ಲ. "ಆರೂ ತೆಗೆದೆಯಾ?" ಎಂದಳು.

"ಹೂಂ."

"ಫ್ಯಾನೂ?"

"ಹೂಂ."

"ನೆಲಾನೂ ಒರೆಸಿದೆ."

"ಹೂಂ ಕಣಮ್ಮ."

ಅವಳು ಕೆಳಗಿನ ಮೆಟ್ಟಿಲಿಗೆ ಕುಸಿದು ಕೂತಳು. ಒಗೆಯುವ ಸೋಡಾಕ್ಕೆ ಬೆಳ್ಳಗೆ ಸುಕ್ಕಾದ ಬೆರಳುಗಳ ನೆಟಿಗೆಯನ್ನು ಒಂದೊಂದಾಗಿ ತೆಗೆದಳು. ಆಮೇಲೆ ತಲೆಯೆತ್ತಿ, "ಹೇಳಬೇಡ," ಎಂದಳು.

"ಏನು?"

"ಆ ಮೇಡಂಗೆ ಹೇಳಬೇಡ. ಹೇಳಿದ್ರೆ ಇದು ರದ್ದು. ನಾನು ಈ ಒಂದು ದಿನಕ್ಕೆ ಎಷ್ಟು ಕಡೆ ಅಲೆದೆ ಗೊತ್ತಾ ನಿನಗೆ? ಬಿಸಿಲು ನೋಡು ಹೇಗಿದೆ. ಬಿಸಿಲಿಗೆ ಬೋರ್ಡು ಬೆವರುತ್ತೆ ಅಂತ ನೀನೇ ಹೇಳ್ತಿದ್ದೆ. ಸಂಜೆಯೊಳಗೆ ಏರುತ್ತೆ. ಏರದೆ ಏನು?"

"ಏರದೆ ಇದ್ರೆ?"

ಅವಳು ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು.

"ಏರದೆ ಇದ್ರೆ ಎಲ್ಲಾ ಸರಿಯಿದೆ ಅಂತ ಬರೀತಾರೆ," ಎಂದ ಅಜ್ಜ. "ಹಾಗೆ ಬರೆದಿದ್ದನ್ನ ಆಮೇಲೆ ಯಾರೂ ಅಳಿಸಲ್ಲ. ನಾನು ನೋಡಿದೀನಿ."

"ನೀನು ನೋಡಿದ್ದೆಲ್ಲ ಸಾಕು. ನಾನು ಮಾತಾಡ್ತೀನಿ, ನೀನು ಬಾಯಿಗೆ ಬೀಗ ಹಾಕಿಕೊಂಡು ಕೂತಿರು."

ಐದು ಗಂಟೆಗೆ ಬಾಗಿಲು ತೆರೆದಾಗ ಒಳಗಿನ ಸೆಕೆ ಮುಖಕ್ಕೆ ರಾಚಿತು. ಮಗಳಿಗೆ ಕೆಮ್ಮು ಬಂತು. ಆ ಕೆಮ್ಮಿನಲ್ಲೇ ಆಸೆಯಿಂದ ತಂದೆಯ ಮುಖ ನೋಡಿದಳು. ಗಾಳಿ ಅಳೆಯುವವಳು ಸಣ್ಣ ಕತ್ತರಿಯಿಂದ ದಾರ ಕತ್ತರಿಸಿ, ಟ್ಯೂಬಿಗೆ ಮುಚ್ಚಳ ಬಿಗಿದು, ಚೀಲಕ್ಕೆ ಹಾಕಿ ಅಂಟಿಸಿದಳು. ಫಾರಮ್ಮಿನ ಕೊನೆಯ ಸಾಲನ್ನು ಬೆರಳಿಟ್ಟು ಓದಿದಳು. "ಮನೆಯನ್ನು ಹನ್ನೆರಡು ಗಂಟೆ ಮೊದಲಿನಿಂದ ಮುಚ್ಚಿಡಲಾಗಿತ್ತು, ಈ ಅವಧಿಯಲ್ಲಿ ಯಾವ ಕಿಟಕಿಯನ್ನೂ ತೆರೆದಿಲ್ಲ. ಮನೇಲಿ ಇದ್ದಿದ್ದು ಅಜ್ಜ ತಾನೆ? ಅವರೇ ಸೈನ್ ಮಾಡಲಿ."

"ತೆರೆದಿಲ್ಲ, ತೆರೆದಿಲ್ಲ," ಎಂದಳು ಮಗಳು. "ಮಾಡಪ್ಪ."

ಅಜ್ಜ ಪೆನ್ನು ತೆಗೆದುಕೊಂಡ. ಅವನಿಗೆ ಬರೆಯಲು ಬರುತ್ತಿದ್ದುದೇ ಮೂರು ಅಕ್ಷರ, ಅದೂ ಸೈನಿಗಾಗಿ ಕಲಿತದ್ದು. ಸೂಪರ್‌ವೈಸರ್ ಕೈಹಿಡಿದು ತಿದ್ದಿಸಿದ್ದು ಇಂಥದೇ ಒಂದು ಸಾಲಿನ ಕೆಳಗೆ. ಮೊದಲ ಅಕ್ಷರದ ಸುತ್ತು ಹಾಕಲು ಪೆನ್ನು ಊರಿದವನು ಹಾಗೇ ನಿಂತ. ಕಾಗದದ ಮೇಲೆ ಶಾಯಿಯ ಚುಕ್ಕೆ ದೊಡ್ಡದಾಗುತ್ತಿತ್ತು.

"ಬೆಳಿಗ್ಗೆ ತೆಗೆದಿದ್ದೆ ಮೇಡಂ," ಎಂದ. "ಐದರಿಂದ ಎಂಟೂವರೆವರೆಗೆ. ಆರೂ ಕಿಟಕಿ. ಫ್ಯಾನೂ ಹಾಕಿದ್ದೆ. ಒಂಬತ್ತಕ್ಕೆ ನಿಮಗೆ ಹೇಳಿದ್ದು ಸುಳ್ಳು."

ಮಗಳು ಗೋಡೆಯ ಕಡೆ ತಿರುಗಿಕೊಂಡಳು.

ಗಾಳಿ ಅಳೆಯುವವಳಿಗೆ ಸಿಟ್ಟು ಬಂದಿತೋ ಸುಸ್ತೋ, ಎರಡೂ ಒಟ್ಟಿಗೆ ಬಂದಂತಿತ್ತು. "ಅಜ್ಜ, ಅದನ್ನ ಆಗಲೇ ಹೇಳಿದ್ರೆ ನಾನು ಮುಚ್ಚಳಾನೇ ತೆಗೀತಿರಲಿಲ್ಲ. ಟ್ಯೂಬು ಉಳೀತಿತ್ತು, ಈ ವಾರದಲ್ಲೇ ಇನ್ನೊಂದು ದಿನ ಬರ್ತಿದ್ದೆ. ತೆರೆದಿದ್ದು ಮುಗೀತು. ಒಂದು ಅರ್ಜಿಗೆ ಒಂದೇ." ಚೀಲದ ಮೇಲೆ ಅಡ್ಡಡ್ಡ ಎರಡು ಗೀಟು ಎಳೆದಳು. "ಈಗ ಮತ್ತೆ ಪಟ್ಟಿಯ ಕೊನೆಗೆ ಹೋಗುತ್ತೆ. ಆರು ತಿಂಗಳಾದರೂ ಬೇಕು."

"ಇದನ್ನೇ ಕಳಿಸಿದ್ರೆ?" ಎಂದಳು ಮಗಳು ಗೋಡೆಗೆ ಮುಖ ಮಾಡಿಕೊಂಡೇ.

"ಕಮ್ಮಿ ಬಂದು ಫೈಲು ಮುಚ್ಚಿದ್ರೆ ನಿಮಗೆ ಪಟ್ಟಿ ಕೊನೇನೂ ಇರಲ್ಲಮ್ಮ."

ಪೆಟ್ಟಿಗೆ ಎತ್ತಿಕೊಂಡು ಹೊರಟವಳು ಮೆಟ್ಟಿಲಲ್ಲಿ ನಿಂತಳು. "ಒಂದೊಂದು ಸಲ ಯಾರೋ ಮನೆ ಬೀಗ ಹಾಕಿ ಹೋಗಿರ್ತಾರೆ. ಆಗ ಅವರ ಟ್ಯೂಬು ನನ್ನ ಹತ್ರ ಉಳಿಯುತ್ತೆ. ಯಾವತ್ತು ಅಂತ ಮೊದಲೇ ಹೇಳೋಕಾಗಲ್ಲ. ಆ ದಿನ ನಿಮ್ಮ ಮನೆ ರಾತ್ರಿಯಿಂದ ಮುಚ್ಚೇ ಇದ್ದರೆ ಹಾಕ್ತೀನಿ. ನಂಬಿಕೊಂಡು ಕೂರಬೇಡಿ."

ಸ್ಕೂಟರಿನ ಸದ್ದು ದೂರವಾಗುವವರೆಗೂ ಮಗಳು ಅಲುಗಲಿಲ್ಲ. ಆಮೇಲೆ ಮಗುವಿನ ಬಟ್ಟೆ, ಔಷಧಿಯ ಡಬ್ಬ, ಶಾಲೆಯ ಚೀಲ ಎಲ್ಲವನ್ನೂ ಒಂದು ಬೆಡ್‌ಶೀಟಿನಲ್ಲಿ ಹಾಕಿ ಗಂಟು ಕಟ್ಟತೊಡಗಿದಳು. ಇಸ್ತ್ರಿ ಅಕ್ಕನದು ಒಂದೇ ಕೋಣೆ, ಅದರಲ್ಲಿ ಆಗಲೇ ನಾಲ್ಕು ಜನ. ಗಂಟಿನ ಮೇಲೆ ಮಂಡಿಯೂರಿ ಬಿಗಿಯುತ್ತ ಹೇಳಿದಳು.

"ಮೂವತ್ತು ವರ್ಷ ಯಾರ್ಯಾರಿಗೋ ಸುಳ್ಳು ಹೇಳಿದೆ. ಬೆಳಿಗ್ಗೆ ಒಂಬತ್ತಕ್ಕೂ ಹೇಳಿದೆ. ಸಂಜೆ ಐದಕ್ಕೆ ಇನ್ನೊಂದು ಸಲ ಹೇಳೋಕೆ ನಿನಗೇನಾಗಿತ್ತಪ್ಪ?"

"ಆಗಲಿಲ್ಲ ಕಣಮ್ಮ," ಎಂದ ಅಜ್ಜ. ಅದಕ್ಕಿಂತ ಹೆಚ್ಚಿನದು ಅವನಲ್ಲಿ ಇರಲಿಲ್ಲ.

ಸುದ್ದಿ ಸಾಲಿನ ತುದಿ ಮುಟ್ಟಲು ಅರ್ಧ ಗಂಟೆ ಸಾಕಾಯಿತು. ಟೈಲರಮ್ಮ ಬಾಗಿಲವರೆಗೆ ಬಂದು, "ನಿಮ್ಮ ಮರ್ಯಾದೆಗೆ ಬೆಂಕಿ ಬಿತ್ತಲ್ಲ ಅಜ್ಜಾ! ನನ್ನ ಯಜಮಾನ್ರು ರಾತ್ರಿಯೆಲ್ಲ ಕೆಮ್ಮೋದನ್ನ ನೀವು ಬಂದು ಕೆಮ್ಮಿ ಕೊಡ್ತೀರಾ?" ಎಂದು ಕೂಗಿ ಹೋದಳು. ನಲ್ಲಿಯ ಹತ್ತಿರ ಅವನ ಕೊಡಕ್ಕೆ ಯಾರೂ ಜಾಗ ಬಿಡಲಿಲ್ಲ. ಅಜ್ಜ ಕಾದ. ಕೊನೆಯಲ್ಲಿ ಸಣ್ಣಗೆ ಬರುತ್ತಿದ್ದ ನೀರನ್ನು ಹಿಡಿದುಕೊಂಡು ಬಂದ.

ಆ ಸಂಜೆಯಿಂದ ಮನೆ ಮುಚ್ಚಿತು. ಅಜ್ಜ ಆರೂ ಕಿಟಕಿಗಳ ಚಿಲಕಕ್ಕೆ ತಂತಿ ಸುತ್ತಿ ಬಿಗಿದ. ತನ್ನ ಕೈಯನ್ನು ತಾನೇ ನಂಬದಾಗಿದ್ದ. ಅಡುಗೆಯನ್ನು ಹೊರಗೆ ಮೂರು ಇಟ್ಟಿಗೆಯ ಮೇಲೆ ಮಾಡಿಕೊಂಡ. ಬಾಗಿಲು ತೆರೆಯುವಾಗ ಮೈ ತೂರುವಷ್ಟೇ ತೆರೆದು, ತಕ್ಷಣ ಎಳೆದುಕೊಳ್ಳುತ್ತಿದ್ದ. ರಾತ್ರಿ ಹೊರಗೆ ಮಲಗಬಹುದಿತ್ತು. ಮಲಗಲಿಲ್ಲ, ಮಗುವಿನ ಮಂಚದಲ್ಲೇ, ದಾರ ಕತ್ತರಿಸಿದ ಜಾಗದ ಕೆಳಗೆ ಮಲಗಿದ. ಮೂಗಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮೂರನೆಯ ದಿನಕ್ಕೆ ಕಣ್ಣು ಕೆಂಪಾಗಿ ಊದಿತು. ಐದನೆಯ ದಿನಕ್ಕೆ ಗಂಟಲಿನಲ್ಲಿ ಮರದ ಪುಡಿ ಸಿಕ್ಕಿಕೊಂಡಂತಾಯಿತು. ವಯಸ್ಸಾಯಿತು, ಅದಕ್ಕೇ ಕಣ್ಣಲ್ಲಿ ನೀರು ಎಂದು ಇಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದ. ಈಗ ಕೇಳುವವರೂ ಇರಲಿಲ್ಲ. ಪ್ರತಿ ಬೆಳಿಗ್ಗೆ ಒಂಬತ್ತಕ್ಕೆ ಮುಖ ತೊಳೆದು, ತಲೆ ಬಾಚಿ, ಸ್ಕೂಟರಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ. ಹನ್ನೊಂದರ ಹೊತ್ತಿಗೆ, ಇವತ್ತಿಲ್ಲ ಎಂದು ಏಳುತ್ತಿದ್ದ.

ಹನ್ನೆರಡನೆಯ ದಿನ ಚಳಿ ಇತ್ತು. ಮಗಳು ಹಿಂದಿನ ದಿನ ಮೊದಲ ಸಲ ಊಟದ ಡಬ್ಬಿ ತಂದು ಮೆಟ್ಟಿಲ ಮೇಲಿಟ್ಟು, ಮಾತಾಡದೆ ಹೋಗಿದ್ದಳು. ಅವತ್ತು ಬೆಳಿಗ್ಗೆ ಕಿಟಕಿಯ ಮೇಲೆ ಟಕಟಕ ಸದ್ದಾಯಿತು. ಶಾಲೆಗೆ ಹೊರಟ ಬಟಾಣಿ ಇಟ್ಟಿಗೆಯೊಂದರ ಮೇಲೆ ನಿಂತು ಒಳಗೆ ಇಣುಕುತ್ತಿತ್ತು. ಕತ್ತಿನ ಗುಳಿಗಳು ಒಂದಿಷ್ಟು ತುಂಬಿಕೊಂಡಿದ್ದವು.

"ಅಜ್ಜಾ, ಮೇಡಂ ಬಂದ್ರಾ?" ಗಾಜಿನ ಆಚೆಯಿಂದ ದನಿ ಬಾವಿಯೊಳಗಿಂದ ಬಂದಂತಿತ್ತು.

ಅಜ್ಜ ಇಲ್ಲವೆಂದು ತಲೆಯಾಡಿಸಿದ.

"ಕಿಟಕಿ ತೆಗಿ, ಏನೋ ತೋರಿಸ್ತೀನಿ."

ಅಜ್ಜ ಮತ್ತೆ ತಲೆಯಾಡಿಸಿದ. ಮಗು ಮುಖ ಸೊಟ್ಟ ಮಾಡಿತು. ಆಮೇಲೆ ಬಾಯನ್ನು ಗಾಜಿಗೆ ಹತ್ತಿರ ತಂದು, ಎದೆ ತುಂಬ ಉಸಿರೆಳೆದು, ಹಾ ಎಂದು ದೊಡ್ಡದಾಗಿ ಬಿಟ್ಟಿತು. ಗಾಜಿನ ಮೇಲೆ ಬೆಳ್ಳನೆಯ ದುಂಡು ಮಂಜು ಮೂಡಿ ಅದರ ಮುಖ ಮರೆಯಾಯಿತು. ಅಜ್ಜ ಒಳಗಿನಿಂದ ಅಂಗೈಯಲ್ಲಿ ಒರೆಸಿದ. ಮಂಜು ಹೊರಗಿನ ಬದಿಗಿತ್ತು, ಹೋಗಲಿಲ್ಲ. ಉರಿಯುವ ಕಣ್ಣು ಅಗಲಿಸಿಕೊಂಡು, ಅದು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕರಗುವವರೆಗೂ ಅವನು ಗಾಜಿಗೆ ಕೈಯಿಟ್ಟುಕೊಂಡು ನಿಂತಿದ್ದ.